ದಿನಾ ಸಾದಾ ಸೋಡಾ ಕುಡಿದರೆ ಹಲ್ಲು ಸವೆಯುತ್ತದಾ?

ಬೆಣ್ಣೆದೋಸೆ ಊರಿನವಳು

ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ. ನಮ್ಮ ಯಜಮಾನರಿಗೆ ಊಟದ ಜೊತೆ ಕೋಲಾ ಇಲ್ಲದಿದ್ದರೆ ಆಗುತ್ತಲೇ ಇರಲಿಲ್ಲ. ಶುಗರ್ ಬಾರ್ಡರಿನಲ್ಲಿದೆ ಅಂತ ಡಾಕ್ಟರು ಹೇಳಿದ ಮೇಲೆ ಬಿಟ್ಟರು. ನಿಜವಾಗಲೂ ಬಿಟ್ಟಿದ್ದಾರೆ, ಅದು ನನಗೆ ಬಹಳ ಖುಷಿ. ಆದರೆ ಬಾಯಿಗೆ ಆ ಚುರುಚುರು ಬೇಕು ಅಂತ ಮನೆಯಲ್ಲೇ ಸೋಡಾ ಮಾಡುವ ಮಷೀನ್ ತಂದಿದ್ದಾರೆ. ಫಿಲ್ಟರ್ ನೀರು ಹಿಡಿದು ಬಾಟಲಿ ಸಿಕ್ಕಿಸಿ ಗುಂಡಿ ಒತ್ತಿದರೆ ಮುಗಿಯಿತು. ಈಗ ಎರಡು ಹೊತ್ತಿನ ಊಟಕ್ಕೂ ಅದೇ.

ಮಗಳು ಸೆಕೆಂಡ್ ಪಿಯುಸಿ. ಅವಳು ಅದೇ ಸೋಡಾಕ್ಕೆ ನಿಂಬೆಹಣ್ಣು ಹಿಂಡಿಕೊಂಡು, ಓದುವ ಟೇಬಲ್ ಮೇಲೆ ಇಟ್ಟುಕೊಂಡು, ಸಂಜೆಯಿಂದ ಮಲಗುವ ತನಕ ಒಂದೊಂದೇ ಗುಟುಕು ಕುಡಿಯುತ್ತಿರುತ್ತಾಳೆ. ಸಕ್ಕರೆ ಹಾಕುವುದಿಲ್ಲ. ಕೇಳಿದರೆ "ಅಮ್ಮಾ, ಇದು ನೀರೇ ಅಲ್ವಾ" ಅನ್ನುತ್ತಾಳೆ. ನಮ್ಮತ್ತೆಗೆ ಹೊಟ್ಟೆ ಉಬ್ಬರಿಸಿದಾಗಲೆಲ್ಲ ಸೋಡಾಕ್ಕೆ ಉಪ್ಪು ಹಾಕಿ ಕುಡಿದು ಒಂದು ತೇಗು ಬಂದರೆ ಸಮಾಧಾನ. ಅವರು ಬಿಪಿ ಮಾತ್ರೆ ತಗೊಳ್ಳುತ್ತಾರೆ.

ಈಚೆಗೆ ನಮ್ಮ ಯಜಮಾನರಿಗೆ ತಣ್ಣೀರು ತಾಗಿದರೆ ಹಲ್ಲು ಜುಮ್ಮೆನ್ನುತ್ತಿದೆ. ಇಲ್ಲೇ ಒಂದು ಹಲ್ಲಿನ ಆಸ್ಪತ್ರೆಗೆ ಹೋಗಿದ್ದೆವು. ಹಲ್ಲು ಸವೆದಿದೆ, ಸೋಡಾ ನಿಲ್ಲಿಸಿ ಅಂದರು. ಯಾಕೆ, ಏನು ಅಂತ ಬಿಡಿಸಿ ಹೇಳಲಿಲ್ಲ. ಇವರು ಮನೆಗೆ ಬಂದು "ಕೋಲಾ ಬಿಡು ಅಂದ್ರು ಬಿಟ್ಟೆ, ಈಗ ನೀರೂ ಬಿಡು ಅಂತಾರೆ" ಅಂತ ಬೇಜಾರು ಮಾಡಿಕೊಂಡು ಕೂತಿದ್ದಾರೆ. ಇದರ ಮೇಲೆ ಪಕ್ಕದ ಮನೆಯವರು ಸೋಡಾ ಕುಡಿದರೆ ಮೂಳೆ ಕರಗುತ್ತದೆ ಅಂತ ಬೇರೆ ಹೇಳಿ ಹೋದರು.

ಏನೂ ಬೆರೆಸದ ಸೋಡಾದಿಂದ ಹಲ್ಲಿಗೆ ತೊಂದರೆ ಇದೆಯಾ ಇಲ್ಲವಾ? ಮೂಳೆ, ಹೊಟ್ಟೆ ವಿಷಯ ಏನು? ಮತ್ತೆ ಅವರು ಕೋಲಾಕ್ಕೆ ಹೋಗುವುದು ನನಗೆ ಬೇಡ. ಗೊತ್ತಿರುವವರು ದಯವಿಟ್ಟು ಸರಿಯಾಗಿ ಹೇಳಿ.

ಹುಬ್ಬಳ್ಳಿ ದಂತವೈದ್ಯ

ಅಕ್ಕಾ, ಮೊದಲು ಒಂದು ಮಾತು. ಕೋಲಾ ಬಿಟ್ಟು ಸಾದಾ ಸೋಡಾಕ್ಕೆ ಬಂದಿದ್ದಾರಲ್ಲ, ಅದು ಹಲ್ಲಿಗೂ ಶುಗರಿಗೂ ಒಳ್ಳೆಯದೇ. ಅವರನ್ನು ವಾಪಸ್ ಕಳಿಸಬೇಡಿ.

ಸೋಡಾ ಅಂದರೆ ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿದ ನೀರು. ಆ ಅನಿಲದಲ್ಲಿ ಸ್ವಲ್ಪ ಭಾಗ ನೀರಿನ ಜೊತೆ ಸೇರಿ ಕಾರ್ಬಾನಿಕ್ ಆಮ್ಲ ಆಗುತ್ತದೆ. ನಾಲಗೆಗೆ ಚುರ್ ಅನ್ನಿಸುವುದು ಬರೀ ಗುಳ್ಳೆಯಿಂದ ಅಲ್ಲ, ಈ ಆಮ್ಲವೂ ಸೇರಿ. ಹಾಗಾಗಿ ಸೋಡಾ ಸಾದಾ ನೀರಿಗಿಂತ ಹುಳಿ ಅನ್ನುವುದು ನಿಜ. ಹುಳಿ ಅಳೆಯುವ ಅಂಕಿಗೆ ಪಿಎಚ್ ಅನ್ನುತ್ತಾರೆ, ಅದು ಇಳಿದಷ್ಟೂ ಹುಳಿ ಜಾಸ್ತಿ. ನೀರಿನ ಪಿಎಚ್ 7ರ ಆಸುಪಾಸು, ಸಾದಾ ಸೋಡಾದ್ದು 4ರಿಂದ 5ರ ನಡುವೆ. ಹಲ್ಲಿನ ಮೇಲಿನ ಗಟ್ಟಿ ಪದರ ಎನಾಮಲ್, ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಸುಣ್ಣದಂಶ ಬಿಟ್ಟುಕೊಡಲು ಶುರು ಮಾಡುತ್ತದೆ. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಸೋಡಾ ಅಂದರೆ ಹಲ್ಲು ಕರಗಿತು ಅಂತಲೇ ಅನ್ನಿಸುತ್ತದೆ. ಅಲ್ಲೇ ಲೆಕ್ಕ ತಪ್ಪುವುದು.

ಯಾಕೆಂದರೆ ಪಿಎಚ್ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. ಕೋಲಾ 2.5ರ ಹತ್ತಿರ, ನಿಂಬೆರಸ 2ರಿಂದ 2.5. ಅಂದರೆ 4.5 ಇರುವ ಸೋಡಾಕ್ಕೂ ಕೋಲಾಕ್ಕೂ ನೂರು ಪಟ್ಟು ಅಂತರ. ಅದಕ್ಕಿಂತ ಮುಖ್ಯ, ಕಾರ್ಬಾನಿಕ್ ಆಮ್ಲ ಬಹಳ ದುರ್ಬಲ. ಬಾಯಿಯ ಬಿಸಿಗೆ ಅನಿಲ ಹಾರಿಹೋಗುತ್ತದೆ, ಉಳಿದದ್ದನ್ನು ಜೊಲ್ಲು ಬೇಗ ಸರಿ ಮಾಡುತ್ತದೆ. ಕೋಲಾದ ಫಾಸ್ಫಾರಿಕ್ ಆಮ್ಲ, ನಿಂಬೆಯ ಸಿಟ್ರಿಕ್ ಆಮ್ಲ ಹಾಗೆ ಹಾರಿಹೋಗುವಂಥವಲ್ಲ. ಸಿಟ್ರಿಕ್ ಆಮ್ಲವಂತೂ ಹಲ್ಲಿನ ಕ್ಯಾಲ್ಸಿಯಮ್ಮನ್ನು ಹಿಡಿದು ಎಳೆದುಕೊಳ್ಳುತ್ತದೆ.

ಇದನ್ನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹಲ್ಲಿನ ಮೇಲೇ ಪರೀಕ್ಷೆ ಮಾಡಿ ನೋಡಿದ್ದಾರೆ. 2001ರಲ್ಲಿ ಬಂದ ಆ ವರದಿಯಲ್ಲಿ ಗ್ಯಾಸ್ ಇರುವ ಮಿನರಲ್ ವಾಟರ್, ಗ್ಯಾಸ್ ಇಲ್ಲದ್ದಕ್ಕಿಂತ ಚೂರು ಹೆಚ್ಚು ಕರಗಿಸಿತು. ಆದರೆ ಸಾಫ್ಟ್ ಡ್ರಿಂಕ್ ಜೊತೆ ಹೋಲಿಸಿದರೆ ಅದು ನೂರರಲ್ಲಿ ಒಂದು ಪಾಲಿನ ಮಟ್ಟದ್ದು. ಅದೇ ಊರಿನವರು 2007ರಲ್ಲಿ ಹಣ್ಣಿನ ಫ್ಲೇವರ್ ಹಾಕಿದ, ಸಿಹಿ ಇಲ್ಲದಂತೆ ಕಾಣುವ ಸ್ಪಾರ್ಕ್ಲಿಂಗ್ ನೀರುಗಳನ್ನು ತಗೊಂಡು ನೋಡಿದರು. ಅವುಗಳ ಪಿಎಚ್ 2.74ರಿಂದ 3.34. ಕಿತ್ತಳೆ ರಸ ಹಲ್ಲನ್ನು ಎಷ್ಟು ಕರಗಿಸುತ್ತದೋ ಅಷ್ಟೇ, ಕೆಲವು ಅದಕ್ಕಿಂತ ಜಾಸ್ತಿಯೇ ಕರಗಿಸಿದವು. ಹೆಸರಿಗೆ ಅದೂ ನೀರೇ!

ಹಾಗಾಗಿ ನಿಮ್ಮ ಮನೆಯಲ್ಲಿ ನನಗೆ ನಿಜವಾಗಿ ಚಿಂತೆ ಇರುವುದು ಯಜಮಾನರದ್ದಲ್ಲ, ಮಗಳದ್ದು. ಸೋಡಾ ಬಾಟಲಿಗೆ ಅರ್ಧ ನಿಂಬೆಹಣ್ಣು ಹಿಂಡಿದರೆ ಅದು 3ರ ಹತ್ತಿರಕ್ಕೆ ಇಳಿಯುತ್ತದೆ. ಒಂದೇ ಸಲ ಊಟದ ಜೊತೆ ಕುಡಿದಿದ್ದರೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಹುಳಿ ಬಿದ್ದ ಮೇಲೆ ಬಾಯಿ ಮೊದಲಿನ ಸ್ಥಿತಿಗೆ ಬರಲು ಸ್ವಲ್ಪ ಹೊತ್ತು ಬೇಕು, ಅಷ್ಟರಲ್ಲಿ ಇನ್ನೊಂದು ಗುಟುಕು, ಮತ್ತೊಂದು ಗುಟುಕು ಅಂತ ನಾಲ್ಕು ಗಂಟೆ ನಡೆದರೆ ಜೊಲ್ಲಿಗೆ ಕೆಲಸ ಮಾಡಲು ಬಿಡುವೇ ಸಿಗುವುದಿಲ್ಲ. ಸಕ್ಕರೆ ಇಲ್ಲ ಅಂದರೆ ಹುಳುಕು ಆಗುವುದಿಲ್ಲ, ಅದು ಸರಿ. ಆದರೆ ಸವೆತ ಬೇರೆ, ಹುಳುಕು ಬೇರೆ. ಹುಳುಕಿಗೆ ಸಕ್ಕರೆ ಮತ್ತು ಬ್ಯಾಕ್ಟೀರಿಯಾ ಬೇಕು. ಸವೆತಕ್ಕೆ ಹುಳಿ ಒಂದಿದ್ದರೆ ಸಾಕು. ಹೋದ ಎನಾಮಲ್ ಮತ್ತೆ ಬೆಳೆಯುವುದೂ ಇಲ್ಲ.

ಈಗ ಯಜಮಾನರ ಹಲ್ಲು. ಸವೆದಿದೆ ಅಂದರೆ ಎಲ್ಲಿ ಸವೆದಿದೆ ಅನ್ನುವುದು ನಮಗೆ ಮುಖ್ಯ. ಹುಳಿಯಿಂದ ಸವೆದ ಹಲ್ಲು ನೋಡಿದ ಕೂಡಲೇ ಗೊತ್ತಾಗುತ್ತದೆ. ಮೇಲ್ಮೈ ನುಣ್ಣಗೆ ಹೊಳೆಯುತ್ತಿರುತ್ತದೆ, ದವಡೆ ಹಲ್ಲಿನ ತುದಿಗಳಲ್ಲಿ ಚಿಕ್ಕ ಚಿಕ್ಕ ಕುಣಿ ಬಿದ್ದು ಒಳಗಿನ ಹಳದಿ ಭಾಗ ಇಣುಕುತ್ತದೆ. ಮುಂಚೆ ಸಿಮೆಂಟ್ ತುಂಬಿಸಿದ್ದರೆ ಸುತ್ತಲಿನ ಹಲ್ಲು ಕರಗಿ ಸಿಮೆಂಟೇ ಎತ್ತರಕ್ಕೆ ಎದ್ದು ನಿಂತಿರುತ್ತದೆ. ಮೇಲಿನ ಮುಂದಿನ ಹಲ್ಲುಗಳ ಒಳಬದಿ, ನಾಲಗೆ ತಾಗುವ ಕಡೆ ಸವೆದಿದ್ದರೆ ಹೊಟ್ಟೆಯ ಆಮ್ಲ ರಾತ್ರಿ ಮೇಲಕ್ಕೆ ಬರುತ್ತಿದೆಯಾ ಅಂತ ನೋಡಬೇಕು. ಒಸಡಿನ ಬುಡದಲ್ಲಿ ಹಲ್ಲಿಗೆ ಅಡ್ಡಲಾಗಿ ಕಚ್ಚು ಬಿದ್ದಿದ್ದರೆ ಹೆಚ್ಚಾಗಿ ಗಟ್ಟಿ ಬ್ರಷ್ಷಿನಲ್ಲಿ ಒತ್ತಿ ಉಜ್ಜಿದ್ದು. ಇನ್ನೊಂದು ಕೇಳುತ್ತೇನೆ, ಊಟ ಆದ ಮೇಲೆ ಅಡಿಕೆ ಹಾಕುತ್ತಾರಾ? ನಿಮ್ಮ ಕಡೆ ಅಡಿಕೆ ಜಾಸ್ತಿ. ಅಡಿಕೆ ಅಗಿದು ಅಗಿದು ದವಡೆ ಹಲ್ಲು ಚಪ್ಪಟೆ ಆಗಿರುವವರನ್ನು ನಾವು ದಿನಾ ನೋಡುತ್ತೇವೆ. ಅಡಿಕೆಯಿಂದ ಬಾಯಿ ಕ್ಯಾನ್ಸರ್ ಬರುತ್ತದೆ ಅನ್ನುವುದು ಸವೆತಕ್ಕಿಂತ ದೊಡ್ಡ ವಿಷಯ, ಇದ್ದರೆ ದಯವಿಟ್ಟು ಬಿಡಿಸಿ.

ಇಷ್ಟು ವರ್ಷದ ಕೋಲಾವನ್ನೂ ಮರೆಯಬೇಡಿ. ಹಲ್ಲು ಸವೆಯಲು ಕಾಲ ಬೇಕು. ಈಗ ಜುಮ್ಮೆಂದಿದೆ ಅಂತ ಈಗ ಕುಡಿಯುತ್ತಿರುವ ಸೋಡಾದ ಮೇಲೇ ಪೂರ್ತಿ ಹಾಕುವುದು ನ್ಯಾಯ ಅಲ್ಲ.

ಸ್ಟುಟ್‌ಗಾರ್ಟ್ ಕನ್ನಡಿಗ

ಡಾಕ್ಟ್ರು ಹೇಳಿದ್ದು ಓದಿ ಬಹಳ ವಿಷಯ ತಿಳಿಯಿತು. ನಾನು ಇರುವುದು ಜರ್ಮನಿಯಲ್ಲಿ, ಇಲ್ಲಿ ಜನ ದಿನಾ ಕುಡಿಯುವುದೇ ಗ್ಯಾಸ್ ನೀರು. ಹೋಟೆಲಿನಲ್ಲಿ ಬರೀ ನೀರು ಕೊಡಿ ಅಂದರೆ ಬಹಳ ಕಡೆ ಗ್ಯಾಸ್ ಇರುವುದನ್ನೇ ತಂದಿಡುತ್ತಾರೆ. ಸಾದಾ ನೀರು ಬೇಕಾದರೆ ಅದನ್ನು ಬಾಯಿಬಿಟ್ಟು ಹೇಳಬೇಕು. ಅಂಗಡಿಯಲ್ಲಿ ಕ್ಲಾಸಿಕ್, ಮೆಡಿಯುಮ್, ಸ್ಟಿಲ್ ಅಂತ ಗ್ಯಾಸ್ ಎಷ್ಟಿದೆ ಅನ್ನುವುದರ ಮೇಲೆ ಬೇರೆ ಬೇರೆ ಬಾಟಲಿ ಇರುತ್ತವೆ. ನಮ್ಮ ಊರಿನ ಬಾಡ್ ಕಾನ್‌ಸ್ಟಾಟ್ ಕಡೆ ಭೂಮಿಯಿಂದಲೇ ಮಿನರಲ್ ನೀರು ಬರುತ್ತದೆ, ಬೀದಿಯ ನಲ್ಲಿಯಲ್ಲಿ ಹಿಡಿದು ಕುಡಿಯಬಹುದು. ಸ್ವಲ್ಪ ಕಬ್ಬಿಣದ ರುಚಿ, ಊರಿಂದ ಬಂದವರಿಗೆ ಮೊದಲು ಒಗ್ಗುವುದಿಲ್ಲ.

ನಾನು ಹೇಳಬೇಕು ಅಂದುಕೊಂಡಿದ್ದು ಲೇಬಲ್ ವಿಷಯ. ಇಲ್ಲಿ ಬಾಟಲಿ ಮೇಲೆ ಒಂದು ಲೀಟರಿನಲ್ಲಿ ಕ್ಯಾಲ್ಸಿಯಂ ಎಷ್ಟು, ಸೋಡಿಯಂ ಎಷ್ಟು, ಬೈಕಾರ್ಬೊನೇಟ್ ಎಷ್ಟು ಅಂತ ಬರೆದಿರುತ್ತಾರೆ. ಗೆರೋಲ್‌ಸ್ಟೈನರ್ ಅಂತ ಒಂದು ನೀರು ಇದೆ, ಅದರಲ್ಲಿ ಲೀಟರಿಗೆ 348 ಮಿಲಿಗ್ರಾಂ ಕ್ಯಾಲ್ಸಿಯಂ. ಒಂದು ಲೀಟರ್ ಕುಡಿದರೆ ದೊಡ್ಡ ಲೋಟ ಹಾಲಿನಷ್ಟು ಕ್ಯಾಲ್ಸಿಯಂ ಸಿಕ್ಕಿತು. ಬೈಕಾರ್ಬೊನೇಟ್ 1,800ರ ಮೇಲಿದೆ, ಅದು ಹುಳಿಯನ್ನು ತಗ್ಗಿಸುತ್ತದೆ. ಇಂಥ ನೀರೂ ಮನೆಯಲ್ಲಿ ಆರ್‌ಒ ನೀರಿಗೆ ಗ್ಯಾಸ್ ತುಂಬಿದ್ದೂ ಒಂದೇ ಅಲ್ಲ ಅಂತ ನನ್ನ ಅನಿಸಿಕೆ. ಆರ್‌ಒದಲ್ಲಿ ಖನಿಜ ಬಹುಪಾಲು ಹೋಗಿರುತ್ತದಲ್ಲ. ಡಾಕ್ಟ್ರೇ, ಇದು ಸರೀನಾ?

ಇನ್ನೊಂದು, ಇಲ್ಲಿ ಮಕ್ಕಳಿಂದ ದೊಡ್ಡವರವರೆಗೆ ಆಪಲ್ ಜ್ಯೂಸಿಗೆ ಗ್ಯಾಸ್ ನೀರು ಬೆರೆಸಿ ಶೋರ್ಲೆ ಅಂತ ಕುಡಿಯುತ್ತಾರೆ. ನನ್ನ ಮಗನ ಹಲ್ಲಿನ ಡಾಕ್ಟರು ಗ್ಯಾಸ್ ನೀರಿನ ಬಗ್ಗೆ ಏನೂ ಅನ್ನಲಿಲ್ಲ, ಶೋರ್ಲೆಯನ್ನು ಮಾತ್ರ ಸ್ಕೂಲ್ ಬಾಟಲಿಗೆ ಹಾಕಬೇಡಿ ಅಂದರು. ಅಕ್ಕಾ, ನಿಮ್ಮ ಮಗಳ ನಿಂಬೆ ಸೋಡಾದ ಕಥೆಯೂ ಅದೇ ಅನ್ನಿಸಿತು.

ಹುಬ್ಬಳ್ಳಿ ದಂತವೈದ್ಯ

ಸರಿಯಾಗಿ ಹೇಳಿದಿರಿ. ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದಷ್ಟೂ ಹಲ್ಲಿನ ಕ್ಯಾಲ್ಸಿಯಂ ಹೊರಗೆ ಬರುವುದು ಕಡಿಮೆ. ಆರ್‌ಒ ನೀರಿನ ಸೋಡಾದ ಪಿಎಚ್ 4ರ ಕಡೆಗೇ ಇರುತ್ತದೆ. ಆದರೂ ಊಟದ ಜೊತೆ ಒಂದೆರಡು ಲೋಟ ಆದರೆ, ಜೊಲ್ಲು ಸರಿಯಾಗಿ ಬರುತ್ತಿದ್ದರೆ, ಅದರಿಂದ ಕಣ್ಣಿಗೆ ಕಾಣುವಂಥ ಹಾನಿ ಆಗುವುದು ನಾನು ನೋಡಿಲ್ಲ. ಊಟದಲ್ಲಿ ಮೊಸರು, ಮಜ್ಜಿಗೆ ಇದ್ದರೆ ಅದರ ಕ್ಯಾಲ್ಸಿಯಮ್ಮೂ ಸಹಾಯಕ್ಕೆ ಬರುತ್ತದೆ. ಬಾಯಿ ಒಣಗುವವರು ಮಾತ್ರ ಎಚ್ಚರ ಇರಬೇಕು. ಶುಗರ್ ಹೆಚ್ಚಿದ್ದರೆ ಬಾಯಿ ಒಣಗುತ್ತದೆ, ಕೆಲವು ಬಿಪಿ ಮಾತ್ರೆ, ಅಲರ್ಜಿ ಮಾತ್ರೆ, ಮನಸ್ಸಿನ ಕಾಯಿಲೆಯ ಮಾತ್ರೆಗಳಿಂದಲೂ ಒಣಗುತ್ತದೆ. ವಯಸ್ಸಾದವರಲ್ಲಿ ಒಸಡು ಇಳಿದು ಹಲ್ಲಿನ ಬೇರು ಕಾಣುತ್ತಿರುತ್ತದಲ್ಲ, ಆ ಭಾಗಕ್ಕೆ ಎನಾಮಲ್ ಇಲ್ಲ. ಅದು 6ರ ಮೇಲಿನ ಪಿಎಚ್‌ನಲ್ಲೂ ಕರಗಲು ಶುರುವಾಗುತ್ತದೆ. ಅಂಥವರು ದಿನವಿಡೀ ಸೋಡಾ ಕುಡಿಯುತ್ತಾ ಕೂರುವುದು ಬೇಡ.

ಶಿವಮೊಗ್ಗ ಗೋಲಿ

ನಮ್ಮಪ್ಪ ಸೋಡಾ ಅಂಗಡಿ ಇಟ್ಟಿದ್ದರು, ಹಾಗಾಗಿ ಈ ಪ್ರಶ್ನೆ ನೋಡಿ ಬರೆಯದೇ ಇರಲು ಆಗಲಿಲ್ಲ. ಗೋಲಿ ಸೋಡಾ ಬಾಟಲಿಯನ್ನು ತಲೆಕೆಳಗಾಗಿ ಇಟ್ಟು ತುಂಬುತ್ತಾರೆ, ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ನೀರು, ಗ್ಯಾಸ್ ಎರಡೂ ಒಳಗೆ ಹೋದ ಮೇಲೆ ಗೋಲಿ ಕುತ್ತಿಗೆಯ ರಬ್ಬರ್ ಉಂಗುರಕ್ಕೆ ಬಂದು ಕೂರುತ್ತದೆ, ಒಳಗಿನ ಗ್ಯಾಸೇ ಅದನ್ನು ಮೇಲಕ್ಕೆ ಒತ್ತಿ ಹಿಡಿಯುತ್ತದೆ. ಬೇರೆ ಮುಚ್ಚಳವೇ ಬೇಡ. ಹೈರಮ್ ಕಾಡ್ ಅನ್ನುವ ಇಂಗ್ಲೆಂಡಿನವರು 1872ರಲ್ಲಿ ಪೇಟೆಂಟ್ ಪಡೆದ ಬಾಟಲಿ ಅದು. ಅವರ ದೇಶದಲ್ಲಿ ಹೋದರೂ ನಮ್ಮ ಬಸ್ ಸ್ಟ್ಯಾಂಡುಗಳಲ್ಲಿ ಇನ್ನೂ ಇದೆ. ಕುಡಿಯುವಾಗ ಗೋಲಿ ಕುತ್ತಿಗೆಯ ತಗ್ಗಿನಲ್ಲಿ ಸಿಕ್ಕಿಕೊಳ್ಳುವ ಹಾಗೆ ಬಾಟಲಿ ಓರೆ ಮಾಡಬೇಕು, ಇಲ್ಲದಿದ್ದರೆ ಉರುಳಿ ಬಂದು ಬಾಯಿಗೆ ಅಡ್ಡ ನಿಲ್ಲುತ್ತದೆ.

ಹಲ್ಲಿನ ವಿಷಯಕ್ಕೆ ಬರುತ್ತೇನೆ. ಅಂಗಡಿಯ ನಿಂಬೆ ಸೋಡಾದಲ್ಲಿ ಹಣ್ಣು ಕಡಿಮೆ, ನಿಂಬೆಉಪ್ಪು ಜಾಸ್ತಿ. ಬೇಸಿಗೆಯಲ್ಲಿ ಹಣ್ಣಿನ ಬೆಲೆ ಏರಿದಾಗಂತೂ ಪೂರ್ತಿ ನಿಂಬೆಉಪ್ಪೇ. ಬಿಳಿ ಹರಳು, ಸಕ್ಕರೆ ಥರ ಕಾಣುತ್ತದೆ, ಅದೇ ಸಿಟ್ರಿಕ್ ಆಮ್ಲ. ಆ ಹುಳಿಯನ್ನು ಮುಚ್ಚಲು ಸಕ್ಕರೆ ಪಾಕ ಹಾಕುತ್ತಾರೆ. ಹಾಗಾಗಿ ಕುಡಿದವರಿಗೆ ಎಷ್ಟು ಹುಳಿ ಇದೆ ಅಂತ ನಾಲಗೆಗೆ ಗೊತ್ತೇ ಆಗುವುದಿಲ್ಲ. ಶುಂಠಿ ಸೋಡಾ, ಜೀರಾ ಸೋಡಾ ಎಲ್ಲಕ್ಕೂ ಪಾಕ ಇದ್ದೇ ಇರುತ್ತದೆ. ಮಂಗಳೂರು ಕಡೆ ಪುನರ್ಪುಳಿ ಸೋಡಾ ಬಹಳ ಚೆನ್ನಾಗಿರುತ್ತದೆ, ಆದರೆ ಪುನರ್ಪುಳಿಯ ಹುಳಿ ಕೇಳಬೇಕೇ. ಯಾವಾಗಲೋ ಒಮ್ಮೆ ಕುಡಿಯುವುದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಸೋಡಾ ಆರೋಗ್ಯಕ್ಕೆ ಒಳ್ಳೆಯದು ಅಂತ ಹೇಳಿಕೊಂಡು ಇದನ್ನು ಕುಡಿಯಬೇಡಿ ಅಷ್ಟೇ.

ಮತ್ತೆ ಹೊರಗೆ ಕುಡಿಯುವವರು ಹಲ್ಲಿಗಿಂತ ಮೊದಲು ನೀರು ನೋಡಿ. ಗೋಲಿ ಬಾಟಲಿಯ ಕುತ್ತಿಗೆ ಒಳಗೆ ಬ್ರಷ್ ಸರಿಯಾಗಿ ಹೋಗುವುದಿಲ್ಲ, ರಬ್ಬರ್ ಸಂದಿಯಲ್ಲಿ ಕೊಳೆ ಕೂರುತ್ತದೆ. ನಮ್ಮಪ್ಪ ಸಂಜೆ ಬಿಸಿನೀರು, ಸೋಪಿನಲ್ಲಿ ತೊಳೆದು ಬಾಟಲಿಗಳನ್ನು ಬೋರಲು ಹಾಕಿಸುತ್ತಿದ್ದರು, ಸರಿಯಾಗಿ ತೊಳೆಯದ ಹುಡುಗನನ್ನು ಅಂಗಡಿಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಗ್ಯಾಸ್ ಇದೆ ಅಂದ ಮಾತ್ರಕ್ಕೆ ಕೆಟ್ಟ ನೀರು ಒಳ್ಳೆಯದಾಗುವುದಿಲ್ಲ. ಪ್ಯಾಕ್ ಮಾಡಿದ್ದು ಕೊಳ್ಳುವಾಗ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಇದೆಯಾ ನೋಡಿ.

ಪಥ್ಯದಡುಗೆ

ನಾನು ಮಂಗಳೂರಿನಲ್ಲಿ ಡಯಟಿಷಿಯನ್. ಮೂಳೆ, ಹೊಟ್ಟೆ, ಬಿಪಿ ಬಗ್ಗೆ ಹೇಳುತ್ತೇನೆ.

ಮೂಳೆ ಕರಗುತ್ತದೆ ಅನ್ನುವ ಮಾತು ಹುಟ್ಟಿದ್ದು ಕೋಲಾದಿಂದ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಜನರನ್ನು ವರ್ಷಾನುಗಟ್ಟಲೆ ನೋಡಿಕೊಂಡು ಬಂದಿರುವ ಅಧ್ಯಯನ ಇದೆ. ದಿನಾ ಕೋಲಾ ಕುಡಿಯುವ ಹೆಂಗಸರಲ್ಲಿ ಸೊಂಟದ ಮೂಳೆಯ ಸಾಂದ್ರತೆ ಕಡಿಮೆ ಇತ್ತು ಅಂತ 2006ರಲ್ಲಿ ಅಲ್ಲಿಂದ ವರದಿ ಬಂತು. ಅದೇ ವರದಿಯಲ್ಲಿ, ಕೋಲಾ ಅಲ್ಲದ ಬೇರೆ ಗ್ಯಾಸ್ ಪಾನೀಯ ಕುಡಿದವರಲ್ಲಿ ಹಾಗೆ ಕಾಣಲಿಲ್ಲ. ಗ್ಯಾಸೇ ಕಾರಣ ಆಗಿದ್ದರೆ ಎಲ್ಲರಲ್ಲೂ ಕಾಣಬೇಕಿತ್ತು, ಅಲ್ವಾ? ಫಾಸ್ಫಾರಿಕ್ ಆಮ್ಲ, ಕೆಫೀನ್, ಹಾಲು ಕುಡಿಯುವ ಜಾಗದಲ್ಲಿ ಕೋಲಾ ಕುಡಿದಿದ್ದು, ಇವುಗಳ ಮೇಲೆ ಅನುಮಾನ ಇದೆ. ಸಾದಾ ಸೋಡಾದಿಂದ ಮೂಳೆಗೆ ಏನೂ ಆಗುವುದಿಲ್ಲ. ಪಕ್ಕದ ಮನೆಯವರಿಗೆ ಧೈರ್ಯವಾಗಿ ಹೇಳಿ.

ದಾಹಕ್ಕೆ ಅದು ನೀರಿನಷ್ಟೇ ಒಳ್ಳೆಯದು. ಬೇರೆ ಬೇರೆ ಪಾನೀಯ ಕುಡಿಸಿ ಮೈಯಲ್ಲಿ ಎಷ್ಟು ನೀರು ಉಳಿಯಿತು ಅಂತ 2016ರಲ್ಲಿ ಬ್ರಿಟನ್ನಿನಲ್ಲಿ ಅಳೆದು ನೋಡಿದ್ದಾರೆ, ಗ್ಯಾಸ್ ನೀರಿಗೂ ಸಾದಾ ನೀರಿಗೂ ವ್ಯತ್ಯಾಸ ಸಿಗಲಿಲ್ಲ. ಹಸಿವು ಹೆಚ್ಚಿಸುತ್ತದೆ, ತೂಕ ಏರುತ್ತದೆ ಅಂತ ಆಗಾಗ ವಾಟ್ಸ್‌ಆ್ಯಪಿನಲ್ಲಿ ಓಡಾಡುತ್ತದೆ. ಅದರ ಮೂಲ 2017ರಲ್ಲಿ ಪ್ಯಾಲೆಸ್ಟೈನಿನ ಬಿರ್ಜೈಟ್ ವಿಶ್ವವಿದ್ಯಾಲಯದಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗ. ಜೊತೆಗೆ 20 ಗಂಡಸರಲ್ಲಿ ಹಸಿವಿನ ಹಾರ್ಮೋನ್ ಏರಿದ್ದನ್ನೂ ತೋರಿಸಿದರು. ಅಷ್ಟರ ಮೇಲೆ ಮನುಷ್ಯರು ದಪ್ಪ ಆಗುತ್ತಾರೆ ಅಂತ ಹೇಳಲು ಬರುವುದಿಲ್ಲ. ಶುಗರ್ ಬಾರ್ಡರಿನಲ್ಲಿರುವವರು ಒಂದು 300 ಎಂಎಲ್ ಕೋಲಾ ಬಿಟ್ಟರೆ 30 ಗ್ರಾಮಿನಷ್ಟು ಸಕ್ಕರೆ ಬಿಟ್ಟ ಹಾಗೆ. ಆ ಲಾಭದ ಮುಂದೆ ಇದು ಏನೂ ಅಲ್ಲ.

ಹೊಟ್ಟೆ ವಿಷಯದಲ್ಲಿ ಜನರಿಂದ ಜನರಿಗೆ ಬದಲಾಗುತ್ತದೆ. ಇಟಲಿಯ ನೇಪಲ್ಸಿನಲ್ಲಿ 2002ರಲ್ಲಿ ಅಜೀರ್ಣ, ಮಲಬದ್ಧತೆ ಇದ್ದ 21 ಜನರಿಗೆ ಹದಿನೈದು ದಿನ ಕೆಲವರಿಗೆ ಗ್ಯಾಸ್ ನೀರು, ಕೆಲವರಿಗೆ ನಲ್ಲಿ ನೀರು ಕೊಟ್ಟು ನೋಡಿದರು. ಗ್ಯಾಸ್ ನೀರು ಕುಡಿದವರಿಗೆ ಎರಡೂ ತೊಂದರೆ ಕಡಿಮೆಯಾಯಿತು. ಆದರೆ ಎದೆಯುರಿ, ಹುಳಿತೇಗು ಇರುವವರಿಗೆ ಹೊಟ್ಟೆಯೊಳಗೆ ಗ್ಯಾಸ್ ಹಿಗ್ಗಿ ಆಮ್ಲವನ್ನು ಮೇಲಕ್ಕೆ ತಳ್ಳಿದ ಹಾಗೆ ಆಗಬಹುದು. ಕರುಳು ಸೂಕ್ಷ್ಮ ಇದ್ದು ಪದೇ ಪದೇ ಉಬ್ಬರ ಬರುವವರಿಗೂ ಸೋಡಾ ಹಿಡಿಸುವುದಿಲ್ಲ. ಕುಡಿದ ಮೇಲೆ ಹೇಗಿರುತ್ತದೆ ಅಂತ ಅವರವರೇ ಗಮನಿಸಬೇಕು.

ನಿಮ್ಮತ್ತೆಯವರ ವಿಷಯದಲ್ಲಿ ನನಗೆ ಎರಡು ಮಾತು ಹೇಳಲೇಬೇಕು. ಒಂದು, ಉಪ್ಪು ಬೇಡ. ಬಿಪಿ ಇರುವವರಿಗೆ ದಿನಕ್ಕೆ ಎಲ್ಲಾ ಸೇರಿ ಒಂದು ಟೀ ಚಮಚ ಉಪ್ಪು ದಾಟಬಾರದು. ಸಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳದಲ್ಲೇ ಅದು ದಾಟಿರುತ್ತದೆ. ತೇಗು ಬರಿಸುವುದು ಗ್ಯಾಸೇ ಹೊರತು ಉಪ್ಪಲ್ಲ, ಬೇಕಾದರೆ ಸಾದಾ ಸೋಡಾ ಅರ್ಧ ಲೋಟ ಕೊಟ್ಟು ನೋಡಿ, ಅಷ್ಟೇ ತೇಗು ಬರುತ್ತದೆ. ಕೆಲವರು ಸೋಡಾ ಇಲ್ಲದಿದ್ದರೆ ಅಡುಗೆ ಸೋಡಾ ಕದಡಿ ಕುಡಿಯುತ್ತಾರೆ, ಅದು ಇನ್ನೂ ಬೇಡ. ಒಂದು ಟೀ ಚಮಚ ಅಡುಗೆ ಸೋಡಾದಲ್ಲಿ 1,200 ಮಿಲಿಗ್ರಾಂ ಸೋಡಿಯಂ ಇದೆ. ಅಂಗಡಿಯ ಕ್ಲಬ್ ಸೋಡಾದಲ್ಲೂ ಕೆಲವಕ್ಕೆ ಸೋಡಿಯಂ ಲವಣ ಸೇರಿಸಿರುತ್ತಾರೆ, ಬಾಟಲಿ ತಿರುಗಿಸಿ ನೋಡಿ.

ಇನ್ನೊಂದು ಇದಕ್ಕಿಂತ ಮುಖ್ಯ. ಬಿಪಿ ಇರುವ ವಯಸ್ಸಾದವರು ಗ್ಯಾಸ್ ಆಗಿದೆ ಅಂದ ಕೂಡಲೇ ಪ್ರತಿ ಸಲ ಸೋಡಾ ಕೊಟ್ಟು ಸುಮ್ನೆ ಕೂರಬೇಡಿ. ಎದೆ ಅಥವಾ ಹೊಟ್ಟೆ ಮೇಲ್ಭಾಗ ಒತ್ತಿದ ಹಾಗೆ, ಬೆವರು, ಉಸಿರು ಕಟ್ಟುವುದು, ದವಡೆ ಇಲ್ಲ ಎಡಗೈ ಕಡೆ ನೋವು ಹರಿಯುವುದು, ನಡೆದಾಗ ಜಾಸ್ತಿಯಾಗಿ ಕೂತಾಗ ಕಡಿಮೆ ಆಗುವುದು, ಇವುಗಳಲ್ಲಿ ಯಾವುದಿದ್ದರೂ ಅದು ಹೃದಯದ ತೊಂದರೆ ಇರಬಹುದು. ಹೆಂಗಸರಲ್ಲಿ, ಶುಗರ್ ಇರುವವರಲ್ಲಿ ಎದೆನೋವೇ ಇಲ್ಲದೆ ಬರೀ ಉಬ್ಬರ, ಸುಸ್ತು ಅಂತಲೂ ಬರುತ್ತದೆ. ತೇಗು ಬಂದು ಹಗುರ ಅನ್ನಿಸಿದರೂ ನಂಬಬೇಡಿ. ತಕ್ಷಣ ಹೋಗಿ ಇಸಿಜಿ ಮಾಡಿಸಿ. ತಾಲ್ಲೂಕು ಆಸ್ಪತ್ರೆಗಳಲ್ಲೂ ಈಗ ಹೃದಯ ಜ್ಯೋತಿ ಯೋಜನೆಯಲ್ಲಿ ಇಸಿಜಿ ನೋಡಿ ಮೊದಲ ಚುಚ್ಚುಮದ್ದು ಅಲ್ಲೇ ಕೊಡುವ ವ್ಯವಸ್ಥೆ ಬಂದಿದೆ. ಸೋಡಾ ಕುಡಿಸುತ್ತಾ ರಾತ್ರಿ ಕಳೆದು ಬೆಳಿಗ್ಗೆ ಕರೆದುಕೊಂಡು ಬಂದವರನ್ನು ಆಸ್ಪತ್ರೆಯಲ್ಲಿ ನೋಡಿದಾಗ ಬಹಳ ಸಂಕಟ ಆಗುತ್ತದೆ.

ಪಾವಗಡ ಬೋರ್‌ವೆಲ್

ಎಲ್ಲರೂ ಗ್ಯಾಸ್ ಬಗ್ಗೆ ಮಾತಾಡುತ್ತಿದ್ದೀರಿ, ನಾನು ನೀರಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆ, ಕೋಲಾರ, ಚಿಕ್ಕಬಳ್ಳಾಪುರ, ಗದಗ, ಕೊಪ್ಪಳ, ರಾಯಚೂರು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ತನಕ ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 1.5 ತನಕ ಪರವಾಗಿಲ್ಲ ಅಂತ ನಿಯಮ. ಅದನ್ನು ದಾಟಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಮೊದಲು ಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಕಂದು ಗೆರೆ ಬರುತ್ತದೆ. ನಮ್ಮ ಊರಿನಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಗುವ ಹೆಣ್ಣುಮಕ್ಕಳು ಬಹಳ ಜನ. ಮೂಳೆ ಬಾಗುವುದೂ ಇದರಿಂದಲೇ. ಮೂಳೆಗೆ ಹೆದರುವುದಾದರೆ ಇದಕ್ಕೆ ಹೆದರಬೇಕು.

ಸೋಡಾ ಮಷೀನ್ ಫ್ಲೋರೈಡ್ ತೆಗೆಯುವುದಿಲ್ಲ. ಬೋರ್ ನೀರನ್ನು ನೇರವಾಗಿ ಹಾಕಿದರೆ ಅದೆಲ್ಲ ಹಾಗೇ ಇರುತ್ತದೆ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಾಢ ಆಗುತ್ತದೆ. ಚಿಕ್ಕ ಮಕ್ಕಳಿರುವ ಮನೆಯವರು ಇಲ್ಲಿ ಓದುತ್ತಿದ್ದರೆ ಶುದ್ಧ ನೀರಿನ ಘಟಕದ ನೀರೋ ಆರ್‌ಒ ನೀರೋ ಹಾಕಿಕೊಳ್ಳಿ.

ಬೆಣ್ಣೆದೋಸೆ ಊರಿನವಳು

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ನಮ್ಮತ್ತೆಗೆ ಓದಿ ಹೇಳಿದೆ. ಮೆಟ್ಟಿಲು ಹತ್ತಿದಾಗ ಉಬ್ಬಸ ಬರುತ್ತದೆ ಅಂತ ಈಗ ಬಾಯಿಬಿಟ್ಟರು, ಇಲ್ಲಿಯ ತನಕ ನಮಗೆ ಹೇಳಿಯೇ ಇರಲಿಲ್ಲ. ಸೋಮವಾರ ಇಸಿಜಿಗೆ ಕರೆದುಕೊಂಡು ಹೋಗುತ್ತೇವೆ.

ಡಾಕ್ಟ್ರೇ, ಟಾರ್ಚ್ ಹಾಕಿ ಯಜಮಾನರ ಬಾಯಿ ನೋಡಿದೆ. ನೀವು ಹೇಳಿದ ಹಾಗೆ ಒಸಡಿನ ಬುಡದಲ್ಲಿ ಕಚ್ಚು ಇದೆ, ಬಲಗಡೆಗಿಂತ ಎಡಗಡೆ ಜಾಸ್ತಿ. ಹಾರ್ಡ್ ಅಂತ ಬರೆದಿರುವ ಬ್ರಷ್ಷನ್ನೇ ಕೇಳಿ ತರುತ್ತಾರೆ, ಊಟ ಆದ ಕೂಡಲೇ ಉಜ್ಜುತ್ತಾರೆ, ಊಟದ ನಂತರ ಅಡಿಕೆಯೂ ಇದೆ. ಮಗಳು ನಿಂಬೆ ಸೋಡಾ ಪೂರ್ತಿ ಬಿಡುವುದಿಲ್ಲ ಅನ್ನುತ್ತಿದ್ದಾಳೆ. ಸ್ಟ್ರಾ ಹಾಕಿ ಕುಡಿದರೆ ಆಗುತ್ತದಾ?

ಹುಬ್ಬಳ್ಳಿ ದಂತವೈದ್ಯ

ಬಲಗೈಯಲ್ಲಿ ಉಜ್ಜುವವರಿಗೆ ಎಡಗಡೆ ಒತ್ತು ಜಾಸ್ತಿ ಬೀಳುತ್ತದೆ ಅಕ್ಕಾ, ಅಲ್ಲಿಗೆ ಬ್ರಷ್ಷಿನ ಮೇಲೆ ಅನುಮಾನ ಗಟ್ಟಿಯಾಯಿತು. ಸಾಫ್ಟ್ ಬ್ರಷ್ ತನ್ನಿ, ಬೆರಳ ತುದಿಯಲ್ಲಿ ಹಿಡಿದು ಉಜ್ಜಲಿ, ಮುಷ್ಟಿಯಲ್ಲಿ ಬೇಡ. ಇದ್ದಿಲು ಪುಡಿ, ಹಲ್ಲುಪುಡಿ ಬಳಸುತ್ತಿದ್ದರೆ ಬಿಡಲಿ. ಫ್ಲೋರೈಡ್ ಇರುವ ಪೇಸ್ಟ್ ಸಾಕು. ಹುಳಿ ತಿಂದ ಮೇಲೆ, ಕುಡಿದ ಮೇಲೆ ಎನಾಮಲ್ ಸ್ವಲ್ಪ ಹೊತ್ತು ಮೆತ್ತಗಾಗಿರುತ್ತದೆ. ಆಗ ಉಜ್ಜಿದರೆ ಉಜ್ಜಿಕೊಂಡೇ ಹೋಗುತ್ತದೆ. ನೀರು ಮುಕ್ಕಳಿಸಿ, ಅರ್ಧ ಗಂಟೆಯಾದರೂ ಬಿಟ್ಟು ಉಜ್ಜಲಿ. ರಾತ್ರಿ ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬೇಡ, ಸೋಡಾ ಕೂಡ ಬೇಡ, ನಿದ್ದೆಯಲ್ಲಿ ಜೊಲ್ಲು ಕಡಿಮೆ.

ಕಚ್ಚು ಆಳ ಇದ್ದರೆ ಹಲ್ಲಿನ ಬಣ್ಣದ ಸಿಮೆಂಟ್ ಹಾಕಿಸಬಹುದು, ಜುಮ್ಮೆನ್ನುವುದು ನಿಲ್ಲುತ್ತದೆ. ಮುಂದಿನ ಸಲ ಹೋದಾಗ ಎಲ್ಲೆಲ್ಲಿ ಸವೆದಿದೆ ಅಂತ ತೋರಿಸಿ ಹೇಳಿ ಅಂತ ಕೇಳಿ, ಫೋಟೋ ತೆಗೆಸಿಟ್ಟುಕೊಳ್ಳಿ. ಆರು ತಿಂಗಳ ನಂತರ ಹೋಲಿಸಿ ನೋಡಿದರೆ ಸವೆತ ನಿಂತಿದೆಯಾ ಇಲ್ಲವಾ ಗೊತ್ತಾಗುತ್ತದೆ. ಅಡಿಕೆ ಹಾಕುವವರು ಅಂತ ಹೇಳಿ ಕೆನ್ನೆಯ ಒಳಭಾಗವನ್ನೂ ನೋಡಿಸಿ. ಬಾಯಿ ಮೊದಲಿನಷ್ಟು ಅಗಲ ತೆರೆಯಲು ಆಗುತ್ತದಾ, ಖಾರ ತಿಂದರೆ ಉರಿಯುತ್ತದಾ ಕೇಳಿ.

ಸ್ಟ್ರಾ ಮುಂದಿನ ಹಲ್ಲಿಗೆ ಸ್ವಲ್ಪ ಸಹಾಯ, ಹಿಂದಿನ ಹಲ್ಲಿಗೆ ಅಷ್ಟಿಲ್ಲ. ಮಗಳಿಗೆ ಹೀಗೆ ಹೇಳಿ ನೋಡಿ: ಟೇಬಲ್ ಮೇಲಿನ ಬಾಟಲಿಯಲ್ಲಿ ಸಾದಾ ನೀರು ಇಲ್ಲ ಸಾದಾ ಸೋಡಾ, ನಿಂಬೆ ಸೋಡಾ ಬೇಕಾದರೆ ಊಟಕ್ಕೆ ಕೂತಾಗ ಒಂದು ಲೋಟ, ಬಾಯಲ್ಲಿ ಮುಕ್ಕಳಿಸದೆ ಕುಡಿದು ಮುಗಿಸುವುದು. ಪರಿಮಳ ಬೇಕು ಅಂದರೆ ಪುದೀನ ಎಲೆ, ಸೌತೆಕಾಯಿ ಹೋಳು ಹಾಕಿಕೊಳ್ಳಲಿ, ಅದರಲ್ಲಿ ಹುಳಿ ಇಲ್ಲ.